ನಡತೆಯ ಕಾಲಂ

ಮೂವತ್ತು ವರ್ಷಗಳಿಂದ ನಾನು ಮಕ್ಕಳ ಪ್ರಗತಿಪತ್ರ ತುಂಬುತ್ತ ಬಂದವಳು. ಕನ್ನಡಕ್ಕೆ ಇಷ್ಟು, ಗಣಿತಕ್ಕೆ ಇಷ್ಟು, ಸಮಾಜಕ್ಕೆ ಇಷ್ಟು ಎಂದು ಅಂಕ ಬರೆದಾದ ಮೇಲೆ ಕೊನೆಯಲ್ಲಿ ಒಂದು ಕಾಲಂ ಉಳಿದಿರುತ್ತದೆ. ‘ನಡತೆ’. ಎರಡು ಅಂಗುಲದ ಜಾಗ. ಅಲ್ಲಿ ‘ಉತ್ತಮ’ ಎಂದೋ ‘ತೃಪ್ತಿಕರ’ ಎಂದೋ ‘ಸುಧಾರಿಸಬೇಕು’ ಎಂದೋ ಬರೆಯಬೇಕು. ಒಂದು ಮಗುವಿನ ಇಡೀ ವರ್ಷದ ಅಳು, ನಗು, ಹಸಿವು, ಹಟ ಎಲ್ಲವೂ ಅಷ್ಟರಲ್ಲಿ ಮುಗಿಯಬೇಕು. ಬಹಳ ವರ್ಷ ನಾನೂ ಯೋಚನೆ ಮಾಡದೆ ಬರೆದೆ. ಈಗ ಆ ಕಾಲಂ ಬಂದಾಗ ಪೆನ್ನು ನಿಂತುಬಿಡುತ್ತದೆ. ಏಕೆಂದು ಹೇಳಬೇಕಾದರೆ ಒಂದು ಆಟದ ವಿಷಯದಿಂದ ಶುರು ಮಾಡಬೇಕು.

ಕಳೆದ ದಸರಾ ರಜೆಗೆ ಮೈಸೂರಿನಿಂದ ನನ್ನ ತಂಗಿಯ ಮಗ ಮೂವರು ಗೆಳೆಯರನ್ನು ಕಟ್ಟಿಕೊಂಡು ಪುಣಜನೂರಿನ ನಮ್ಮ ಮನೆಗೆ ಬಂದಿದ್ದ. ಎಲ್ಲರೂ ಇಂಜಿನಿಯರಿಂಗ್ ಓದುವ ಹುಡುಗರು. ರಾತ್ರಿ ಊಟವಾದ ಮೇಲೆ ನಡುಮನೆಯಲ್ಲಿ ಚಾಪೆ ಹಾಸಿ ಕೂತವರು ಹನ್ನೆರಡಾದರೂ ಏಳಲಿಲ್ಲ. ಇಸ್ಪೀಟೇ ಇರಬೇಕೆಂದು ಎದೆ ಧಸಕ್ಕೆಂದು ಹೋಗಿ ನೋಡಿದೆ. ಇಸ್ಪೀಟಲ್ಲ. ಒಬ್ಬ ಕತೆ ಹೇಳುತ್ತಾನೆ, ಉಳಿದವರು ಆ ಕತೆಯೊಳಗೆ ಒಂದೊಂದು ಪಾತ್ರವಾಗುತ್ತಾರೆ. ಒಬ್ಬ ಬೇಟೆಗಾರ, ಒಬ್ಬ ವೈದ್ಯ, ಒಬ್ಬ ಮಂತ್ರವಾದಿ. ಏನಾದರೂ ಸಾಹಸ ಮಾಡಬೇಕಾದರೆ ಇಪ್ಪತ್ತು ಮುಖದ ದಾಳ ಉರುಳಿಸಬೇಕು. ಇಂಥ ಆಟದ ಮೊದಲ ಪುಸ್ತಕ ಅಮೆರಿಕದಲ್ಲಿ ೧೯೭೪ರಲ್ಲಿ ಅಚ್ಚಾಯಿತಂತೆ. ನಮ್ಮ ಬಿಳಿಗಿರಿರಂಗನ ಬೆಟ್ಟದ ಕಾಡು ವನ್ಯಧಾಮವಾದದ್ದೂ ಅದೇ ವರ್ಷ.

ಆಟವನ್ನು ನಾನು ಬೈಯುವುದಿಲ್ಲ. ಕವಡೆ ಹಾಕಿ ಚೌಕಾಬಾರ ಆಡುತ್ತ ಮಧ್ಯಾಹ್ನಗಳನ್ನು ಕಳೆದವರು ನಾವು. ಮೊಬೈಲು ಕೆಳಗಿಟ್ಟು ನಾಲ್ಕು ಜನ ಮುಖ ನೋಡಿಕೊಂಡು ಕತೆ ಕಟ್ಟುತ್ತಾರೆಂದರೆ ಸಂತೋಷವೇ.

ಆ ರಾತ್ರಿ ಕತೆ ಹೇಳುವ ಸರದಿ ತಂಗಿಯ ಮಗನದು. ಅವನ ಕತೆಯ ಕಾಡಿನಲ್ಲಿ ಡೈನೋಸಾರ್‌ಗಳಿದ್ದವು. ಒಂದೊಂದು ಪ್ರಾಣಿಗೂ ಒಂದೊಂದು ಹಾಳೆ ಬರೆದುಕೊಂಡಿದ್ದ. ತಲೆಯ ಮೇಲೆ ಗೋಪುರದಂತೆ ದುಂಡಗೆ ಉಬ್ಬಿದ ಮೂಳೆ ಇರುವ ಒಂದರ ಹಾಳೆ ನನ್ನ ಕೈಗೆ ಬಂತು. ಹೆಸರು ಪ್ಯಾಕಿಸೆಫಲೋಸಾರಸ್. ಹಾಗೆಂದರೆ ದಪ್ಪತಲೆಯ ಹಲ್ಲಿ ಎಂದರ್ಥವಂತೆ. ಹಾಳೆಯಲ್ಲಿ ಹೀಗಿತ್ತು: ‘ಗುಂಪಿನಲ್ಲಿ ಆರರಿಂದ ಹನ್ನೆರಡು. ನಾಯಕ, ಬಲಿಷ್ಠ ಗಂಡು. ಸ್ವಭಾವ, ಮುಂಗೋಪ. ಹತ್ತಿರ ಬಂದವರನ್ನು ತಲೆಯಿಂದ ಗುದ್ದುತ್ತದೆ. ಕೊಂದರೆ ಇನ್ನೂರು ಅಂಕ.’

“ಹೆಣ್ಣುಗಳು ಏನು ಮಾಡುತ್ತವೋ?” ಎಂದು ಕೇಳಿದೆ.

“ಯಾವ ಹೆಣ್ಣು ದೊಡ್ಡಮ್ಮ?”

“ಗುಂಪು ಅಂತ ಬರೆದಿದ್ದೀಯಲ್ಲ, ಅದರಲ್ಲಿ ಹೆಣ್ಣು ಇಲ್ಲವೆ, ಮರಿ ಇಲ್ಲವೆ? ಗುದ್ದದೆ ಇರುವಾಗ ಇಡೀ ದಿವಸ ಅದು ಏನು ಮಾಡುತ್ತೆ?”

“ಅದೆಲ್ಲ ಆಟಕ್ಕೆ ಬೇಕಾಗಲ್ಲ ದೊಡ್ಡಮ್ಮ” ಎಂದು ನಕ್ಕ.

ಬೇಕಾಗಲ್ಲ ಎಂಬ ಆ ಮಾತಿನ ಮೇಲೆಯೇ ನನ್ನ ಜಗಳ.

ಮಾರನೆಯ ದಿನ ಹುಡುಗನನ್ನು ಕೂರಿಸಿಕೊಂಡು ಆ ಪ್ರಾಣಿಯ ಬಗ್ಗೆ ವಿಜ್ಞಾನಿಗಳು ಏನು ಹೇಳಿದ್ದಾರೆಂದು ಅವನ ಕೈಯಲ್ಲೇ ಓದಿಸಿದೆ. ಎರಡು ಕಾಲಿನ ಮೇಲೆ ನಡೆಯುವ, ಸುಮಾರು ಹದಿನೈದು ಅಡಿ ಉದ್ದದ ಪ್ರಾಣಿ. ಆರೂವರೆ ಕೋಟಿ ವರ್ಷಗಳಿಗೂ ಹಿಂದೆ ಉತ್ತರ ಅಮೆರಿಕದಲ್ಲಿ ಬದುಕಿತ್ತು. ನೆತ್ತಿಯ ಮೂಳೆ ಸುಮಾರು ಒಂಬತ್ತು ಅಂಗುಲ ದಪ್ಪ. ಇಷ್ಟು ದಪ್ಪದ ತಲೆ ಇನ್ಯಾವುದಕ್ಕೆ, ಟಗರಿನ ಹಾಗೆ ಡಿಕ್ಕಿ ಹೊಡೆಯುವುದಕ್ಕೇ ಎಂದು ಮೊದಲು ಎಣಿಸಿದರು. ೨೦೦೪ರಲ್ಲಿ ಇಬ್ಬರು ವಿಜ್ಞಾನಿಗಳು ಆ ಮೂಳೆಯನ್ನು ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿ, ಇದು ಗುದ್ದಾಟಕ್ಕಾಗಿ ಬೆಳೆದದ್ದಲ್ಲ, ತನ್ನವರು ಯಾರೆಂದು ಗುರುತಿಸಲು ಇದ್ದ ಚಿಹ್ನೆ ಎಂದು ವಾದಿಸಿದರು. ೨೦೧೩ರಲ್ಲಿ ಬೇರೆಯವರು ನೂರಕ್ಕೂ ಹೆಚ್ಚು ಬುರುಡೆಗಳನ್ನು ಪರೀಕ್ಷಿಸಿ, ಐದರಲ್ಲೊಂದಕ್ಕೆ ಗಾಯದ ಕುರುಹು ಕಂಡು, ಗುದ್ದಾಡುತ್ತಿದ್ದವು ಎಂದರು. ಅದಕ್ಕೂ ಸ್ವಾರಸ್ಯದ ಸಂಗತಿ ೨೦೦೯ರದು. ಮೂರು ಬೇರೆ ಬೇರೆ ಪ್ರಾಣಿಗಳೆಂದು ಹೆಸರಿಟ್ಟಿದ್ದವು ನಿಜವಾಗಿ ಒಂದೇ ಪ್ರಾಣಿಯ ಎಳೆತನ, ಹರೆಯ ಮತ್ತು ಮುಪ್ಪು ಎಂದು ೨೦೦೪ರ ಆ ಇಬ್ಬರೇ ತೋರಿಸಿದರು. ಎಳೆಯದರ ತಲೆ ಚಪ್ಪಟೆ, ವಯಸ್ಸಾದ ಹಾಗೆ ಗುಮ್ಮಟ ಏರುತ್ತದೆ. ಇನ್ನು ಗುಂಪಿನ ಮಾತು. ಸಿಕ್ಕಿರುವುದರಲ್ಲಿ ಹೆಚ್ಚಿನವು ಒಂಟಿ ಒಂಟಿ ಬುರುಡೆಗಳು. ಯಾರು ನಾಯಕ, ಯಾರು ಹಿಂಬಾಲಕ ಎಂದು ಕಲ್ಲಾದ ಬುರುಡೆ ಹೇಳುವುದಿಲ್ಲ.

ಒಂದು ತಲೆಬುರುಡೆ ನೋಡಿ ಅದರ ಸಿಟ್ಟನ್ನೂ ಸಂಸಾರವನ್ನೂ ಅಂಕವನ್ನೂ ಬರೆದುಬಿಟ್ಟೆಯಲ್ಲೋ ಎಂದೆ. ಹುಡುಗ ತಲೆ ಕೆರೆದುಕೊಂಡ.

ಸತ್ತ ಪ್ರಾಣಿಯ ಮೇಲೆ ಏನು ಬರೆದರೂ ಅದಕ್ಕೆ ನೋವಿಲ್ಲ, ಬಿಡಿ. ಆದರೆ ಗುಮ್ಮಟದ ತಲೆಯ ಇನ್ನೊಂದು ಪ್ರಾಣಿ ನಮ್ಮ ಊರಿನ ಮಗ್ಗುಲಲ್ಲೇ ಇದೆ. ನಮ್ಮ ಆನೆಯ ಹಣೆಯ ಮೇಲೆ ಒಂದಲ್ಲ, ಎರಡು ಗುಮ್ಮಟ. ನಮ್ಮ ಹಿರಿಯರು ಅದನ್ನು ಕುಂಭಸ್ಥಳ ಎಂದು ಕರೆದರು. ತುಂಬಿದ ಕೊಡಕ್ಕೆ ಹೋಲಿಸಿದ ಆ ಹೆಸರಿನಲ್ಲಿ ಮಂಗಳವಿತ್ತು. ನಾವು ಈಗ ಇಟ್ಟಿರುವ ಹೆಸರು ‘ಪುಂಡಾನೆ’. ಪೇಪರಿನಲ್ಲಿ ದಿನ ಬೆಳಗಾದರೆ ಪುಂಡಾನೆ, ಟಿವಿಯಲ್ಲಿ ಪುಂಡಾನೆ. ಹುಡುಗನ ಹಾಳೆಯಲ್ಲಿದ್ದದ್ದೂ ಅದೇ, ಸ್ವಭಾವ ಮುಂಗೋಪ.

ಪುಣಜನೂರು ಎಂದರೆ ಪಟ್ಟಣದವರಿಗೆ ಒಂದು ಚೆಕ್‌ಪೋಸ್ಟು. ಚಾಮರಾಜನಗರದಿಂದ ಸತ್ಯಮಂಗಲದ ಕಡೆಗೆ, ಅಲ್ಲಿಂದ ಕೊಯಮತ್ತೂರಿಗೆ ಹೋಗುವ ಹೆದ್ದಾರಿಯಲ್ಲಿ ಕಾಡು ಶುರುವಾಗುವ ಜಾಗ. ಆನೆಗಳಿಗೆ ಇದು ಬೇರೆಯೇ ಊರು. ೨೦೧೧ರಲ್ಲಿ ಹುಲಿ ಮೀಸಲು ಪ್ರದೇಶವಾದ ಬಿಳಿಗಿರಿರಂಗನ ಬೆಟ್ಟಕ್ಕೂ, ೨೦೧೩ರಲ್ಲಿ ಹಾಗೆಯೇ ಘೋಷಣೆಯಾದ ಸತ್ಯಮಂಗಲದ ಕಾಡಿಗೂ ನಡುವೆ ಅವು ಓಡಾಡುವ ಕಾರಿಡಾರುಗಳಲ್ಲಿ ಒಂದು ನಮ್ಮ ಊರಿನ ಹೆಸರಿನಲ್ಲೇ ಇದೆ. ‘ಆನೆ ನಡೆದದ್ದೇ ದಾರಿ’ ಎಂದು ಗಾದೆ ಹೇಳುತ್ತೇವೆ. ಆ ದಾರಿಗೆ ಅಡ್ಡಲಾಗಿ ಡಾಂಬರು ಹಾಕಿ, ಹೊಲ ಮಾಡಿ, ಆನೆ ನಮ್ಮ ರಸ್ತೆಗೆ ನುಗ್ಗಿತು ಎಂದು ದೂರುತ್ತೇವೆ.

ನಮ್ಮ ಹುಡುಗ ಬರೆಯದೆ ಬಿಟ್ಟ ವಿಷಯ ಆನೆಯಲ್ಲಿ ಏನಿದೆ ನೋಡಿ. ಆನೆಯ ಹಿಂಡಿಗೆ ನಾಯಕ ಗಂಡಲ್ಲ. ವಯಸ್ಸಾದ ಹೆಣ್ಣು, ಅವಳ ಹೆಣ್ಣುಮಕ್ಕಳು, ತಂಗಿಯರು, ಅವರ ಮರಿಗಳು ಸೇರಿದರೆ ಹಿಂಡು. ಯಾವ ಬೇಸಿಗೆಯಲ್ಲಿ ಯಾವ ಕೆರೆಯಲ್ಲಿ ನೀರಿರುತ್ತದೆಂಬ ನೆನಪು ಆ ಅಜ್ಜಿಯದು. ಹೊಟ್ಟೆಯಲ್ಲಿ ಮರಿ ಇಪ್ಪತ್ತರಿಂದ ಇಪ್ಪತ್ತೆರಡು ತಿಂಗಳು. ಹುಟ್ಟಿದ ಮರಿಯನ್ನು ತಾಯೊಬ್ಬಳೇ ನೋಡಿಕೊಳ್ಳುವುದಿಲ್ಲ, ಹಿಂಡಿನ ಎಳೆಯ ಹೆಣ್ಣುಗಳೆಲ್ಲ ಚಿಕ್ಕಮ್ಮಂದಿರ ಹಾಗೆ ಸುತ್ತ ನಿಲ್ಲುತ್ತವೆ. ನಮ್ಮ ಕಿವಿಗೆ ಕೇಳಿಸದಷ್ಟು ತಗ್ಗಿದ ದನಿಯಲ್ಲಿ ದೂರದಿಂದಲೇ ಒಂದನ್ನೊಂದು ಮಾತನಾಡಿಸುತ್ತವೆ. ಗಂಡುಮರಿ ಹತ್ತು ಹದಿನೈದು ವರ್ಷಕ್ಕೆ ಮನೆ ಬಿಡಬೇಕು. ಅಲ್ಲಿಂದ ಮುಂದೆ ಅದರದು ಒಂಟಿ ಪಾಡು, ಇಲ್ಲವೆ ಬೇರೆ ಗಂಡುಗಳ ಸಹವಾಸ.

ಎಂಬತ್ತರ ದಶಕದ ಮೊದಲಲ್ಲಿ ಇದೇ ಚಾಮರಾಜನಗರ, ಸತ್ಯಮಂಗಲದ ಕಾಡುಗಳಲ್ಲಿ ಅಲೆದು ಆನೆಗಳನ್ನು ಅಭ್ಯಾಸ ಮಾಡಿದ ರಾಮನ್ ಸುಕುಮಾರ್ ಅವರು, ಹೊಲಕ್ಕೆ ನುಗ್ಗುವುದರಲ್ಲಿ ಗಂಡಾನೆಗಳು ಹಿಂಡಿನ ಆನೆಗಳಿಗಿಂತ ಹಲವು ಪಟ್ಟು ಮುಂದು ಎಂದು ಕಂಡುಕೊಂಡರು. ಮರಿ ಕಟ್ಟಿಕೊಂಡ ತಾಯಿ ಅಪಾಯಕ್ಕೆ ಹೋಗುವುದಿಲ್ಲ. ಒಂಟಿ ಗಂಡು ಹೋಗುತ್ತದೆ, ಒಳ್ಳೆಯ ಮೇವು ತಿಂದು ಮೈ ಬೆಳೆಸಿದರೆ ತಾನೆ ಅದಕ್ಕೆ ಸಂಸಾರದ ಯೋಗ. ೨೦೧೯ರಲ್ಲಿ ಬೆಂಗಳೂರಿನ ಸಂಶೋಧಕರು ೨೪೮ ಗಂಡಾನೆಗಳನ್ನು ಒಂದೊಂದಾಗಿ ಗುರುತಿಟ್ಟು ನೋಡಿದ ಪ್ರಬಂಧ ಪ್ರಕಟಿಸಿದರು. ಕಾಡು ಕಡಿಮೆಯಾಗಿ ಹೊಲ ಹೆಚ್ಚಾದ ಕಡೆ ಹರೆಯದ ಗಂಡುಗಳು ಗುಂಪು ಕಟ್ಟಿಕೊಂಡು ವರ್ಷಗಟ್ಟಲೆ ಜೊತೆಗಿರುವುದನ್ನು ಕಲಿಯುತ್ತಿವೆಯಂತೆ. ಗುರುತಿಲ್ಲದ ಊರಿಗೆ ಕೂಲಿಗೆ ಹೋಗುವ ನಮ್ಮ ಹುಡುಗರು ಒಂದೇ ರೂಮಿನಲ್ಲಿ ಆರು ಜನ ಇರುವುದಿಲ್ಲವೆ, ಹಾಗೆ. ಇದನ್ನು ಪುಂಡುತನ ಎನ್ನುವುದೋ ಬದುಕುವ ಉಪಾಯ ಎನ್ನುವುದೋ ನೀವೇ ಹೇಳಿ.

ಇನ್ನು ಗುದ್ದುವ ವಿಷಯ. ಆನೆ ಗುದ್ದುವ ಮೊದಲು ಎಷ್ಟು ಸಲ ಹೇಳುತ್ತದೆ! ಕಿವಿ ಅಗಲಿಸುತ್ತದೆ, ತಲೆ ಮೇಲೆತ್ತುತ್ತದೆ, ಮಣ್ಣೆರಚುತ್ತದೆ, ನಾಲ್ಕು ಹೆಜ್ಜೆ ಓಡಿ ಬಂದು ನಿಂತುಬಿಡುತ್ತದೆ. ಹೋಗು, ಹೋಗು ಎಂದು ಹೇಳುವ ಭಾಷೆ ಅದು. ನಮ್ಮ ಶಾಲೆಗೆ ಬರುವ ಸೋಲಿಗರ ಪೋಡಿನ ಮಕ್ಕಳಿಗೆ ಈ ಭಾಷೆ ಓದುಬರಹಕ್ಕಿಂತ ಮೊದಲು ಬರುತ್ತದೆ. ಒಮ್ಮೆ ಹುಡುಗಿಯೊಬ್ಬಳ ಅಜ್ಜಿಯನ್ನು, ಆನೆ ಏಕಮ್ಮ ಸುಮ್ಮಸುಮ್ಮನೆ ಮೈಮೇಲೆ ಬರುತ್ತದೆ ಎಂದು ಕೇಳಿದ್ದೆ. “ಸುಮ್ಸುಮ್ನೆ ಯಾಕ್ ಬಂದದು ಮೇಡಮ್ಮೋರೆ, ಅದ್ಕೂ ಹೊಟ್ಟೆ ಇಲ್ವಾ, ಮಕ್ಳು ಇಲ್ವಾ?” ಎಂದಿದ್ದಳು. ಅದೇ ಜನ ಕಾಡಿನಲ್ಲಿ ಹಿಂದೆ ತರಗುಬೆಂಕಿ ಇಡುತ್ತಿದ್ದರು. ನೆಲದ ಒಣ ಎಲೆಯಷ್ಟೇ ಸುಟ್ಟು ಹುಲ್ಲು ಚಿಗುರುತ್ತಿತ್ತು. ವನ್ಯಧಾಮವಾದ ಮೇಲೆ ಅದನ್ನು ನಿಲ್ಲಿಸಿದರು. ಬೆಂಕಿ ನಿಂತಿತು, ಲಂಟಾನ ಪೊದೆ ಎದ್ದಿತು, ಹುಲ್ಲು ಹೋಯಿತು ಎಂದು ಸೋಲಿಗರು ಹೇಳುತ್ತಲೇ ಬಂದಿದ್ದಾರೆ. ದಿನಕ್ಕೆ ಕ್ವಿಂಟಾಲಿಗೂ ಹೆಚ್ಚು ಮೇವು ಬೇಕಾದ ಪ್ರಾಣಿಗೆ ಲಂಟಾನ ಊಟವಾಗುತ್ತದೆಯೆ?

ಇಲ್ಲಿ ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು. ಇಪ್ಪತ್ತು ವರ್ಷಗಳ ಹಿಂದೆ ಬಣ್ಣಾರಿ ಅಮ್ಮನ ದರ್ಶನಕ್ಕೆ ಹೋಗುವಾಗ ರಸ್ತೆ ಬದಿಯಲ್ಲಿ ಎಳೆಯ ಗಂಡಾನೆಯೊಂದು ನಿಂತಿತ್ತು. ಡ್ರೈವರ್ ಬಸ್ಸು ನಿಧಾನ ಮಾಡಿದ. ತೊಡೆಯ ಮೇಲೆ ಮಗಳು. ಅವಳು ಚಪ್ಪಾಳೆ ತಟ್ಟಲಿ ಎಂದು ದೇವರಿಗೆ ಒಯ್ಯುತ್ತಿದ್ದ ಬಾಳೆಹಣ್ಣಿನ ಚಿಪ್ಪನ್ನು ಕಿಟಕಿಯಿಂದ ಎಸೆದೆ. ಆನೆ ಸೊಂಡಿಲು ಚಾಚಿ ಎತ್ತಿಕೊಂಡಿತು. ಬಸ್ಸಿನಲ್ಲಿದ್ದವರೆಲ್ಲ ಗಣಪತಿ ಎಂದು ಕೈ ಮುಗಿದರು. ಅದೇ ರಸ್ತೆಯಲ್ಲಿ ಕಾರ್ಖಾನೆಗೆ ಹೋಗುವ ಕಬ್ಬಿನ ಲಾರಿಗಳವರೂ ಎರಡು ಜಲ್ಲೆ ಎಸೆದು ಹೋಗುತ್ತಿದ್ದರು. ವರ್ಷಗಳು ಕಳೆದವು. ಈಗ ಆನೆಗಳು ರಸ್ತೆಯ ನಡುವೆ ನಿಂತು ಕಬ್ಬಿನ ಲಾರಿ ತಡೆಯುತ್ತವೆ, ಕಿಟಕಿಗೆ ಸೊಂಡಿಲು ಹಾಕುತ್ತವೆ. ಜನ ‘ಸುಂಕ ವಸೂಲಿ’ ಎಂದು ನಗುತ್ತ ವಿಡಿಯೋ ತೆಗೆಯುತ್ತಾರೆ. ನನಗೆ ನಗು ಬರುವುದಿಲ್ಲ. ಗಾಡಿ ಎಂದರೆ ತಿಂಡಿ ಎಂಬ ಪಾಠವನ್ನು ಆ ಎಳೆಯ ಆನೆಗೆ ಕಲಿಸಿದವರಲ್ಲಿ ಒಬ್ಬಳು ಬಿ.ಎ., ಬಿ.ಎಡ್. ಓದಿದ ಈ ಶಿಕ್ಷಕಿ. ಪಾಠ ಹೇಳಿಕೊಟ್ಟವಳು ನಾನು, ‘ಪುಂಡ’ ಎಂಬ ಷರಾ ಅದಕ್ಕೆ.

೨೦೨೫ರ ಆಗಸ್ಟಿನಲ್ಲಿ ಗುಂಡ್ಲುಪೇಟೆಯ ಆಚೆ, ಬಂಡೀಪುರದ ರಸ್ತೆಯಲ್ಲಿ ಒಬ್ಬರು ಆನೆಯ ಫೋಟೊಕ್ಕಾಗಿ ಇಳಿದು ಹತ್ತಿರ ಹೋದರು. ಆನೆ ಅಟ್ಟಿಸಿಕೊಂಡು ಬಂದು ಕೆಡವಿತು. ಪುಣ್ಯಕ್ಕೆ ಜೀವ ಉಳಿಯಿತು. ಅರಣ್ಯ ಇಲಾಖೆ ೨೫,೦೦೦ ರೂಪಾಯಿ ದಂಡ ಹಾಕಿತು. ಆ ವಿಡಿಯೋ ನಮ್ಮೆಲ್ಲರ ಫೋನಿಗೂ ಬಂತು. ಅದನ್ನು ನೋಡಿದ ಎಷ್ಟು ಮಂದಿ ಆನೆಯ ಕಿವಿಯನ್ನು ನೋಡಿದರು?

ತಲೆಗೆ ತಲೆ ಕೊಡಿಸುವ ಆಟವನ್ನು ನಾವು ಹಾಳೆಯ ಮೇಲಷ್ಟೇ ಆಡುವುದಿಲ್ಲ. ಎಂಟು ದಸರೆಗಳಲ್ಲಿ ಚಿನ್ನದ ಅಂಬಾರಿ ಹೊತ್ತ ಅರ್ಜುನನನ್ನು ನೆನೆಸಿಕೊಳ್ಳಿ. ಟಿವಿಯ ಮುಂದೆ ಕೂತು ನಾವೆಲ್ಲ ಕೈ ಮುಗಿದ ಆನೆ. ಅರವತ್ತು ದಾಟಿದ ಮೇಲೆ ಅಂಬಾರಿಯ ಭಾರ ಬೇಡವೆಂದು ಇಳಿಸಿದ್ದರು. ೨೦೨೩ರ ಡಿಸೆಂಬರ್ ೪ರಂದು ಸಕಲೇಶಪುರ ತಾಲ್ಲೂಕಿನ ಯಸಳೂರಿನ ಕಡೆ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಒಂಟಿ ಸಲಗವೊಂದು ಎದುರಾಯಿತು. ಕುಂಭಸ್ಥಳಕ್ಕೆ ಕುಂಭಸ್ಥಳ ತಾಗಿ ಕಾದಾಡಿ ಅರ್ಜುನ ಸತ್ತ. ಆ ದಿವಸ ಎಷ್ಟೋ ಮನೆಗಳಲ್ಲಿ ಹೆಂಗಸರು ಅತ್ತರು. ನಾನೂ ಅತ್ತೆ. ಆದರೆ ಆ ಸಲಗವೂ ಯಾವುದೋ ಹಿಂಡಿನಿಂದ ಹೊರಬಿದ್ದ ಮಗನೇ ಅಲ್ಲವೆ? ಅದರ ಎದುರಿಗೆ ಅರ್ಜುನನನ್ನು ತಂದು ನಿಲ್ಲಿಸಿದ್ದು ಮನುಷ್ಯರು. ಒಬ್ಬನಿಗೆ ಹಾರ, ಇನ್ನೊಬ್ಬನಿಗೆ ಪುಂಡನೆಂಬ ಹೆಸರು.

ನೀವು ಕೇಳಬಹುದು, ರಾತ್ರಿಯೆಲ್ಲ ಅಟ್ಟಣೆಯ ಮೇಲೆ ನಿದ್ದೆಗೆಟ್ಟು ರಾಗಿ, ಮುಸುಕಿನ ಜೋಳ ಕಾಯುವವರ ಪಾಡೇನು ಎಂದು. ಕೇಳಲೇಬೇಕು. ನನ್ನ ತರಗತಿಯಲ್ಲಿ ನಿದ್ದೆಗಣ್ಣಿನಲ್ಲಿ ತೂಗಾಡುವ ಮಕ್ಕಳು ಆ ಅಟ್ಟಣೆಯಿಂದ ಇಳಿದು ಬಂದವರು. ಆನೆ ತುಳಿದು ಸತ್ತವನ ಹೆಂಡತಿಯ ಮುಂದೆ ಆನೆಯ ಸಂಸಾರದ ಕತೆ ಹೇಳುವಷ್ಟು ಕಲ್ಲೆದೆ ನನಗಿಲ್ಲ. ಅವಳಿಗೆ ಪರಿಹಾರ ತಡವಾಗದೆ ಸಿಗಬೇಕು, ಕಂದಕ, ಸೋಲಾರ್ ಬೇಲಿ ಸರಿಯಾಗಿರಬೇಕು. ಆದರೆ ‘ಪುಂಡಾನೆ’ ಎಂದು ಕೂಗುವುದರಿಂದ ಅವಳಿಗೆ ಏನು ಸಿಕ್ಕಿತು? ತಪ್ಪೆಲ್ಲ ಆ ಒಂದು ಆನೆಯ ಸ್ವಭಾವದ್ದು ಎಂದಾದ ಮೇಲೆ ಯಾರೂ ಕಾರಿಡಾರಿನ ಮಾತು ಎತ್ತುವುದಿಲ್ಲ, ಲಂಟಾನದ ಮಾತು ಎತ್ತುವುದಿಲ್ಲ. ಆನೆ ಹಿಡಿದು ಲಾರಿ ಹತ್ತಿಸಿ ಕೈ ತೊಳೆದುಕೊಳ್ಳುತ್ತಾರೆ. ಮುಂದಿನ ಸುಗ್ಗಿಗೆ ಅದೇ ದಾರಿಯಲ್ಲಿ ಇನ್ನೊಂದು ಆನೆ ಬರುತ್ತದೆ, ಅವಳು ಮತ್ತೆ ಅಟ್ಟಣೆ ಹತ್ತುತ್ತಾಳೆ. ಆ ಹೆಸರು ಆನೆಗೆ ಎಷ್ಟು ದ್ರೋಹವೋ ರೈತನಿಗೂ ಅಷ್ಟೇ ದ್ರೋಹ.

ಇದನ್ನು ಇಷ್ಟು ಖಡಾಖಂಡಿತವಾಗಿ ಹೇಳುವುದಕ್ಕೆ ಕಾರಣ ನನ್ನ ಪ್ರಗತಿಪತ್ರಗಳು. ಬಹಳ ಹಿಂದೆ ಐದನೇ ತರಗತಿಯಲ್ಲಿ ಒಬ್ಬ ಹುಡುಗ ಇದ್ದ. ಯಾರಾದರೂ ಪಕ್ಕದಲ್ಲಿ ಕೂತರೆ ತಲೆಯಿಂದ ಡಿಕ್ಕಿ ಹೊಡೆಯುವನು. ಬೈದೆ, ಹೊರಗೆ ನಿಲ್ಲಿಸಿದೆ, ನಡತೆಯ ಕಾಲಮ್ಮಿನಲ್ಲಿ ‘ಪುಂಡ’ ಎಂದೇ ಬರೆದೆ. ಬೇಸಿಗೆ ರಜೆ ಕಳೆದ ಮೇಲೆ ಅವನು ಶಾಲೆಗೆ ಬರಲಿಲ್ಲ. ವಿಚಾರಿಸಿದರೆ, ಅಪ್ಪ ಅಮ್ಮ ಇಬ್ಬರೂ ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋಗಿ ವರ್ಷವೇ ಆಗಿತ್ತು. ಹುಡುಗ ಕುರುಡು ಅಜ್ಜನ ಜೊತೆ ಇದ್ದ. ಬೆಂಚಿನಲ್ಲಿ ಅವನು ಕಾಯುತ್ತಿದ್ದ ಪಕ್ಕದ ಜಾಗ ತಂಗಿಯದು. ಅವಳನ್ನೂ ಅಮ್ಮನೊಡನೆ ಕರೆದೊಯ್ದಿದ್ದರು. ಇಡೀ ವರ್ಷ ನಾನು ಅವನ ತಲೆಯನ್ನಷ್ಟೇ ನೋಡಿದ್ದೆ. ಅವನು ಮತ್ತೆ ಸಿಗಲಿಲ್ಲ. ಆ ಷರಾ ಇವತ್ತಿಗೂ ಯಾವುದೋ ಹಳೆಯ ಕಡತದಲ್ಲಿ ನನ್ನ ಅಕ್ಷರದಲ್ಲೇ ಇದೆ.

ಅದಕ್ಕೇ ಪಟ್ಟಣದ ಅಕ್ಕತಂಗಿಯರಲ್ಲಿ ನನ್ನದೊಂದು ಕೇಳಿಕೆ. ಊಟಿಗೋ ಕೊಯಮತ್ತೂರಿಗೋ ಹೋಗುವಾಗ ನೀವು ನಮ್ಮ ಕಾಡುಗಳನ್ನು ದಾಟುತ್ತೀರಿ. ಬಂಡೀಪುರದಲ್ಲಿ ೨೦೦೯ರಿಂದ, ದಿಂಬಂ ಘಟ್ಟದಲ್ಲಿ ೨೦೨೨ರ ಫೆಬ್ರವರಿಯಿಂದ ರಾತ್ರಿ ಸಂಚಾರಕ್ಕೆ ಕಡಿವಾಣವಿದೆ. ಆನೆಗಾಗಿ ನಾವು ಕಾಯಬೇಕೆ ಎಂದು ಗೊಣಗಬೇಡಿ. ಹಗಲೆಲ್ಲ ಅವು ನಮಗಾಗಿ ಕಾಯುತ್ತವೆ. ಆನೆ ಕಂಡಾಗ ಕಾರು ನಿಲ್ಲಿಸುವುದು ಗಂಡಸರಿರಬಹುದು. ಬಾಳೆಹಣ್ಣಿನ ಚೀಲ ಇರುವುದು ನಮ್ಮ ಕೈಯಲ್ಲಿ. ಆ ಚೀಲ ಬಿಚ್ಚಬೇಡಿ. ಕಿಟಕಿ ಏರಿಸಿ, ನಡೆಯಿರಿ ಮುಂದೆ ಎಂದು ಹೇಳಿ. ಮನೆಯಲ್ಲಿ ಮಕ್ಕಳು ಪೇಪರು ಓದುತ್ತ ‘ಪುಂಡಾನೆ’ ಎಂದರೆ, ಅದರ ಅಮ್ಮ ಎಲ್ಲಿ, ಅದು ಎಲ್ಲಿಗೆ ಹೊರಟಿತ್ತು ಎಂದು ಎರಡು ಪ್ರಶ್ನೆ ಕೇಳಿ.

ತಂಗಿಯ ಮಗ ಹೊರಡುವಾಗ ಹೇಳಿದ: “ನೀವು ಹೇಳಿದ ಹಾಗೆಲ್ಲ ಬರೆದರೆ ಆಟದಲ್ಲಿ ಮಜಾ ಇರಲ್ಲ ದೊಡ್ಡಮ್ಮ.” ಇರಬಹುದು. ಆಮೇಲೆ ಫೋನು ಮಾಡಿದ್ದ. ಹಾಳೆ ತಿದ್ದಿದ್ದಾನಂತೆ. ಗುಂಪಿಗೆ ಮುದಿ ಹೆಣ್ಣೊಂದನ್ನು ಸೇರಿಸಿದ್ದಾನೆ, ಮರಿಗಳನ್ನು ಸೇರಿಸಿದ್ದಾನೆ. ಇನ್ನೂರು ಅಂಕವನ್ನು ಮಾತ್ರ ಹಾಗೇ ಇಟ್ಟಿದ್ದಾನೆ, ಗೆಳೆಯರು ಒಪ್ಪಲಿಲ್ಲವಂತೆ. ಸಂಕ್ರಾಂತಿಗೆ ಬರಲಿ, ಆ ಅಂಕದ ವಿಚಾರ ಇನ್ನೂ ಮಾತಾಡುವುದಿದೆ.